ತೆಗ್ಗಿನ ಸುತ್ತ ಈಜೂದು

ಜನವರಿ ೧೬, ಗುರುವಾರ. ರಾಣೆಬೆನ್ನೂರು

ಬೆರಳ ಮ್ಯಾಲೆ ಎಣಿಸಿದ್ರೂ ಅದ, ಮೊಬೈಲಿನ್ಯಾಗ ನೋಡಿದ್ರೂ ಅದ. ಶನಿವಾರ ನಾ ಹೊರಗಾಗಾಕಿ. ಮುರ್ಡೇಶ್ವರದಾಗ ಸಮುದ್ರಕ್ಕ ಇಳಿಯೂದೂ ಶನಿವಾರನ. ತಿಂಗಳದಾಗ ಇಪ್ಪತ್ತೈದು ದಿನ ಸುಮ್ನ ಖಾಲಿ ಬಿದ್ದಿರ್ತಾವು, ಅವನ್ನೆಲ್ಲಾ ಬಿಟ್ಟು ಇದಕ್ಕ ಶನಿವಾರನ ಬೇಕಾತು ನೋಡು.

ಜಿಲ್ಲಾಕ್ಕ ಹೊಸದಾಗಿ ಒಂದು ಮುಳುಗು ತಂಡ ಕಟ್ಟ್ಯಾರ. ಹೊಳ್ಯಾಗ, ಕೆರ್ಯಾಗ, ಬಾವ್ಯಾಗ ಬಿದ್ದವ್ರನ್ನ ಹುಡುಕಿ ಮ್ಯಾಲೆ ತರೂ ಕೆಲಸ. ನಾಕು ಮಂದಿ ಅದೀವಿ, ಹೆಂಗಸು ನಾ ಒಬ್ಬಾಕಿನ. ಈಜುಗೊಳದಾಗ ಹುಡುಗೂರಿಗೆ ಕೈಕಾಲು ಬಡಿಯೂದು ಕಲಿಸ್ಕೋತ ಇದ್ದ ನನ್ನನ್ನ ತಂಡದ ಸಾಹೇಬ್ರು ನಾಗಪ್ಪ ಸರ್ ಕರ್ಕೊಂಡು ಬಂದು ಸೇರಿಸಿದ್ರು. ಸಮುದ್ರದ ಪರೀಕ್ಷಾ ಪಾಸಾದ್ರ ಸಿಲಿಂಡರ್ ಹೊತ್ಕೊಂಡು ಹೊಳಿಗೆ ಇಳಿಯಾಕ ಪರವಾನಗಿ. ಪಾಸಾಗಲಿಲ್ಲಂದ್ರ ದಂಡಿ ಮ್ಯಾಲೆ ನಿಂತು ಹಗ್ಗ ಹಿಡಿಯೂ ಕೆಲಸ. ಹಗ್ಗ ಹಿಡಿಯಾಕ ನಾನ ಯಾಕ ಬೇಕು, ಒಂದು ಗೂಟ ಸಾಕು.

ನಮ್ಮ ಆಯಿ ಕರೆವ್ವ, ಅವ್ವನ ಅವ್ವ, ಎಂಬತ್ತು ವರ್ಷದಾಕಿ. ಸಮುದ್ರ ಹೆಂಗಿರ್ತೈತಂತ ಕಣ್ಣಲೆ ಕಂಡಾಕಿ ಅಲ್ಲ. ಆದ್ರೂ ಇವತ್ತು ರೊಟ್ಟಿ ಬಡಕೋತ ಅಂದ್ಳು: "ಸಮುದ್ರದಾಗ ದೊಡ್ಡ ಮೀನು ಇರ್ತಾವಂತ. ಒಂದು ಹನಿ ರಕ್ತ ಬಿದ್ರ ಹರದಾರಿ ದೂರದಿಂದ ಬರ್ತಾವಂತ. ಟೀವ್ಯಾಗ ತೋರಿಸಿದ್ರು."

"ಅದಕ್ಕ ಶಾರ್ಕ್ ಅಂತಾರ ಆಯಿ. ಹಂಗೆಲ್ಲ ಬರೂದಿಲ್ಲ."

"ನಿನಗ್ಯಾರು ಹೇಳ್ಯಾರ? ಅದ ಬಂದು ಹೇಳೈತೇನು?"

ಆಕಿಗೆ ನನ್ನ ತಾರೀಖು ಗೊತ್ತೈತಿ. ಈ ಮನ್ಯಾಗ ಎಲ್ಲಾರಿಗೂ ಗೊತ್ತಿರ್ತೈತಿ, ಯಾಕಂದ್ರ ಪಡಸಾಲಿ ಮೂಲ್ಯಾಗ ಚಾಪಿ ಹಾಸಬೇಕು, ತಾಟು ಬ್ಯಾರೆ ಇಡಬೇಕು, ನಾಕು ದಿನ ಎಲ್ಲಾರೂ ನನ್ನ ಸುತ್ತು ಹಾಕ್ಕೊಂಡು ಓಡ್ಯಾಡಬೇಕು. ನಾ ಬ್ಯಾಗ್ ತುಂಬಕೋತ ಹೇಳಿಬಿಟ್ಟೆ: ರಕ್ತ ಅಂದ್ರ ರಕ್ತ, ಅದರಾಗ ದೆವ್ವನೂ ಇಲ್ಲ, ದೇವರೂ ಇಲ್ಲ. ಆಯಿ ರೊಟ್ಟಿ ತಿರುವಿ ಹಾಕಿದ್ಳು.

ಹೇಳೂದೇನೋ ಹೇಳಿದೆ. ಖರೇ ಹೇಳಬೇಕಂದ್ರ ಅಂಜಿಕಿ ಆಗೇತಿ. ದೇವರದ್ದಲ್ಲ, ಮೀನಿಂದು.

ಜನವರಿ ೧೮, ಶನಿವಾರ. ಮುರ್ಡೇಶ್ವರ

ನಸಿಕಿನ್ಯಾಗ ಐದಕ್ಕ ಆತು. ತಾರೀಖಿಗೆ ಸರಿಯಾಗಿ.

ಕಲಿಸಾಕಿ ತಬಸ್ಸುಮ್ ಮೇಡಮ್. ದೋಣಿ ಹಿಂದ ಕರದು ಕಿವ್ಯಾಗ ಹೇಳಿದೆ. ಆಕಿ ನಗಲಿಲ್ಲ, ಅದ ಒಂದು ಸಮಾಧಾನ.

"ನೋಡು ಸುಧಾ, ಹನ್ನೆರಡು ವರ್ಷದಿಂದ ಇಳೀತಾ ಇದ್ದೇನೆ. ಎಷ್ಟು ತಿಂಗಳಾಯ್ತು ನೀನೇ ಎಣಿಸು. ಇಷ್ಟರಲ್ಲಿ ಒಂದು ಶಾರ್ಕೂ ನನ್ನ ಮೂಸಿಲ್ಲ. ಎರಡು ಚಮಚ ರಕ್ತಕ್ಕೆ ಯಾರೂ ಬರೋದಿಲ್ಲ. ಹೊಟ್ಟೆ ನೋವು ಇದ್ರೆ ಹೇಳು, ಚಳಿ ಹಿಡಿದ್ರೆ ಹೇಳು, ಆಗ ಇಳೀಬೇಡ. ಬರೀ ಹೆದರಿಕೆ ಆದ್ರೆ ಇಳಿ."

ಇಳದೆ. ನಲವತ್ತು ಅಡಿ. ಕೆಳಗ ಹೋದಂಗ ಕೆಂಪು ಬಣ್ಣನ ಇರೂದಿಲ್ಲ, ಇದನ್ನ ಯಾರೂ ನನಗ ಹೇಳಿರಲಿಲ್ಲ. ಅವ್ವ ಕೈಗೆ ಕಟ್ಟಿದ ಕೆಂಪು ದಾರ ಮದಲ ಕಂದಾತು, ಆಮ್ಯಾಲೆ ಹಸರುಗಪ್ಪು ಆತು. ನನ್ನ ರಕ್ತ ಅಲ್ಲಿ ಸೋರಿದ್ರೂ ಹಸರ ಕಾಣಬೇಕು.

ಆವಾಗ ಅದು ಬಂತು. ಬೂದಿ ಬಣ್ಣ, ನನ್ನಷ್ಟ ಉದ್ದ. ಬಾಲ ಅಲ್ಲಾಡಿಸೂದೂ ಕಾಣಲಿಲ್ಲ, ಸುಮ್ನ ಸರಕೋತ ಬಂತು. ದೂರ ಇದ್ಕೊಂಡ ನಮ್ಮ ಸುತ್ತ ಅರ್ಧ ಸುತ್ತು ಹಾಕ್ತು, ಬಂದ ದಾರಿ ಹಿಡದು ಹೋತು. ಮೇಡಮ್ ಕೈ ಸನ್ನಿ ಮಾಡಿದ್ಳು: ನೋಡಿದಿ? ಹೋತು.

ಪಾಸಾದೆ. ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ಮೇಡಮ್ಮಿಗೆ ಹೇಳಲಿಲ್ಲ, ಇಲ್ಲಿ ಬರೀತೀನಿ. ಕೆಳಗ ಐದು ಮಂದಿ ಇದ್ವಿ. ಅದು ನನ್ನೊಬ್ಬಾಕಿನ್ನ ನೋಡಿ ಹೋತು.

ಜನವರಿ ೨೦, ಸೋಮವಾರ

ಸರ್ಟಿಫಿಕೇಟ್ ತೋರಿಸಿದೆ. "ಅಲ್ಲೆ ಇಡು" ಅಂದ್ಳು ಆಯಿ, ಮುಟ್ಟಲಿಲ್ಲ. ಸಮುದ್ರದ ತಳ ಮುಟ್ಟಿ ಬಂದಾಕಿನ್ನ ಚಾಪಿ ಮ್ಯಾಲೆ ಕುಂದರಿಸ್ಯಾರ. ಜಗಳಾಡಿ ಒಳಗ ಹೋಗಿ ಫ್ರಿಜ್ ತಗದು ನೀರು ಕುಡದೆ. ನಾ ಹೊರಗ ಬಂದ ಮ್ಯಾಲೆ ಅವ್ವ ಫ್ರಿಜ್ ಒರಸಿದ್ಳು.

ಫೆಬ್ರುವರಿ ೧, ಶನಿವಾರ. ಗಳಗನಾಥ

ಮದಲನೇ ಕೆಲಸ ಬಂತು.

ವರದಾ ಬಂದು ತುಂಗಭದ್ರಾಕ್ಕ ಕೂಡೂ ಜಾಗಾದಿಂದ ಒಂದು ಮೈಲು ಕೆಳಗ, ಉಸುಕು ತಗದು ತಗದು ಹೊಳ್ಯಾಗ ತೆಗ್ಗು ಬಿದ್ದಾವು. ಮೊಣಕಾಲುದ್ದ ನೀರಾಗ ನಡಕೋತ ಹೋಗಾಕತ್ತಿರ್ತೀವಿ, ಮುಂದಿನ ಹೆಜ್ಜಿಗೆ ಮೂವತ್ತು ಅಡಿ. ಮ್ಯಾಲಿಂದ ನೋಡಿದ್ರ ಎಲ್ಲಾ ಒಂದ ನೀರು.

ದುರ್ಗಾ ಅಂತ, ಹತ್ತೊಂಬತ್ತು ವರ್ಷ, ಮೋಟೆಬೆನ್ನೂರಿನ ಹುಡುಗಿ. ರಾಣೆಬೆನ್ನೂರಾಗ ಸೀರಿ ಅಂಗಡ್ಯಾಗ ಕೆಲಸಕ್ಕ ಇದ್ಳು. ಬುಧವಾರ ಅವ್ವನ ಕೂಡ ಇಲ್ಲೆ ದೊಡ್ಡವ್ವನ ಹೊಸಾ ಮನಿ ಶಾಂತಿಗೆ ಬಂದಿದ್ಳು. ನಸಿಕಿನ್ಯಾಗ ಹೊರಗ ಹೋದಾಕಿ ತಿರಗಿ ಬರಲಿಲ್ಲ. ಮದಲನೇ ತೆಗ್ಗಿನ ದಂಡಿಗೆ ಒಂದು ಚಪ್ಪಲಿ ಸಿಕ್ಕೈತಿ. ಎರಡಲ್ಲ, ಒಂದ.

ಅದ ದಿನ ಅಂಗಡ್ಯಾಗಿನ ಕನಕರಾಜ ಅನ್ನಾವನೂ ಫೋನ್ ಬಂದ್ ಮಾಡಿ ಊರು ಬಿಟ್ಟಾನ. ಹಿಂಗಾಗಿ ದಂಡಿ ಮ್ಯಾಲೆ ನಿಂತ ಮಂದಿಗೆ ನೀರಿಗಿಂತ ಕನಕರಾಜನ ಮ್ಯಾಲೆ ಭರೋಸೆ ಜಾಸ್ತಿ. ಆಕಿ ಅಪ್ಪ ಗುಡದಪ್ಪ ಬಂದ ಇಲ್ಲ. "ಓಡಿ ಹೋದಾಕಿ ನನ್ನ ಪಾಲಿಗೆ ಸತ್ಲು, ಹುಡುಕೂದು ಏನೈತಿ" ಅಂದಾನಂತ.

ಅವ್ವ ಮರಿಯವ್ವ ಮಾತ್ರ ದಂಡಿ ಬಿಟ್ಟು ಕದಲಿಲ್ಲ. ಬ್ಯಾಡಗಿಯಾಗ ಮೆಣಸಿನಕಾಯಿ ತೊಟ್ಟು ಬಿಡಿಸಾಕ ಹೋಗಾಕಿ, ಬೆರಳು ಸುಟ್ಟಂಗ ಕೆಂಪಗ ಇದ್ವು. ನನ್ನ ಕೈ ಹಿಡಕೊಂಡ್ಳು. "ನನ್ನ ಮಗಳು ಎಲ್ಲೂ ಹೋಗಿಲ್ರಿ ಅಕ್ಕಾರ. ನೀರಾಗ ಅದಾಳ. ತಗದು ಕೊಡ್ರಿ. ಆಕಿ ಮ್ಯಾಲೆ ಬಂದ್ರ ಮಂದಿ ಬಾಯಿ ಮುಚ್ತೈತಿ. ಒಂದು ಹಿಡಿ ಮಣ್ಣರ ಸಿಗ್ತೈತಿ ಆಕಿಗೆ."

"ನೀರಾಗ ಅದಾಳಂತ ಹೆಂಗ ಹೇಳ್ತೀರಿ?"

ಆಕಿ ಕೈ ಬಿಟ್ಟು ಹೊಳಿ ಕಡೆ ನೋಡಿದ್ಳು. "ನನಗ ಗೊತ್ತೈತ್ರಿ."

ತೆಗ್ಗಿನ ನಡುವ ಕಬ್ಬಿಣದ ಗುಂಡು ಇಳಿಬಿಡ್ತೀವಿ, ಅದಕ್ಕ ಹಗ್ಗ ಕಟ್ಟಿರ್ತೈತಿ. ಹಗ್ಗ ಹಿಡಕೊಂಡು ತಳದಾಗ ಒಂದು ಸುತ್ತು ಹಾಕೂದು, ಎರಡು ಮೊಳ ಹಗ್ಗ ಬಿಟ್ಟು ಮತ್ತೊಂದು ಸುತ್ತು, ಹಿಂಗ ಗ್ವಾಡಿ ಸಿಗೂತನ. ಬ್ಯಾಟ್ರಿ ಹಿಡಿದ್ರೂ ಒಂದು ಮೊಳ ದೂರ ಕಾಣೂದಿಲ್ಲ, ಎಲ್ಲಾ ಕೈಲೆ ತಡವೂದು. ನಮ್ಮ ತಂಡದಾಗ ಹಿರಿಯಾಂವ ಕುತುಬುದ್ದೀನಣ್ಣ. "ಗಾಣಕ್ಕ ಕಟ್ಟಿದ ಎತ್ತು ನಾವು, ಎಣ್ಣಿ ಮಾತ್ರ ಬರೂದಿಲ್ಲ" ಅಂತಾನ. ಎಂಟು ಸುತ್ತು ಹಾಕಿದೆ. ಒಂದು ಮುರಕ ಬುಟ್ಟಿ ಸಿಕ್ತು.

ಫೆಬ್ರುವರಿ ೪, ಮಂಗಳವಾರ

ನಾಕು ದಿನ ಆತು. ಇಲ್ಲ. ಹುಡುಕೂದು ನಿಲ್ಲಿಸ್ಯಾರ.

ಫೆಬ್ರುವರಿ ೧೫, ಶನಿವಾರ. ಗಳಗನಾಥ

ಮರಿಯವ್ವ ಹಾವೇರಿ ಡೀಸಿ ಆಫೀಸಿನ ಮೆಟ್ಟಲಾ ಮ್ಯಾಲೆ ಮೂರು ದಿನ ಕುಂತಳಂತ. ಒಂದು ದಿನ ಮತ್ತ ಇಳೀರಿ ಅಂತ ಆರ್ಡರ್ ಬಂತು. ನಂದೂ ಇವತ್ತ ಬಂತು. ಯಾರಿಗೂ ಹೇಳಲಿಲ್ಲ. ಜೀಪಿನ ಮರಿಗೆ ಹೋಗಿ ತಯಾರಾಗಿ ಬಂದೆ.

ಮದಲನೇ ತೆಗ್ಗು, ಮೂರನೇ ಸುತ್ತಿನ್ಯಾಗ ಇದ್ದೆ. ಎಡಗಡೆ ಹೆಗಲಿಗೆ ನೀರು ಬಂದು ಹಾಯ್ತು. ಸೆಳವು ಅಲ್ಲ ಅದು. ತೆಗ್ಗಿನ ತಳದಾಗ ಸೆಳವು ಇರೂದಿಲ್ಲ. ದೊಡ್ಡದೇನೋ ಹತ್ರ ಹಾದು ಹ್ವಾದ್ರ ನೀರು ಮದಲ ಬಂದು ಮುಟ್ತೈತಿ, ಆಮ್ಯಾಲೆ ಹಿಂದಕ್ಕ ಎಳೀತೈತಿ. ಹಂಗ ಮುಟ್ತು, ಹಂಗ ಎಳೀತು. ಉಸುರು ಎಣಿಸಾಕತ್ತೆ. ಇಪ್ಪತ್ತನೇ ಉಸುರಿಗೆ ಮತ್ತ ಬಂತು. ಮತ್ತ ಇಪ್ಪತ್ತಕ್ಕ ಮತ್ತ.

ಬ್ಯಾಟ್ರಿ ತಿರುವಿದೆ. ಒಂದು ಮೊಳದ ಬೆಳಕಿನ್ಯಾಗ ಬೂದಿ ಬಣ್ಣದ ಮೈ ಹಾದು ಹೋತು. ಹಾಯಾಕತ್ತಿದ್ದು ಹಾಯಾಕತ್ತ ಇತ್ತು, ಲಗೂ ಮುಗೀಲಿಲ್ಲ. ಹೊಳಿ ಮೀನಿಗೆ ಇರೂವಂಥಾ ಹುರಪಿ ಇರಲಿಲ್ಲ ಮೈ ಮ್ಯಾಲೆ.

ಹಗ್ಗ ನಾಕು ಸಲ ಜಗ್ಗಿದೆ. ಅಂದ್ರ ಎಳೀರಿ ಅಂತ. ಮ್ಯಾಲೆ ಬಂದು ಹೊಟ್ಟಿ ನೋವು ಅಂದೆ. ಕುತುಬುದ್ದೀನಣ್ಣ ಇಳದು ಉಳಿದಿದ್ದು ನೋಡಿ ಬಂದ, ಖಾಲಿ ಅಂದ. "ತೆಗ್ಗಿನ್ಯಾಗ ಮೊಸಳಿ ಇರ್ತಾವೇನಣ್ಣ?" ಅಂತ ಕೇಳಿದೆ. "ಇದ್ದಿದ್ರ ಇದನ್ನ ಕೇಳಾಕ ನೀ ಇರತಿದ್ದಿಲ್ಲ" ಅಂದ.

ಹೊಳ್ಯಾಗ ಶಾರ್ಕ್ ಇರೂದಿಲ್ಲ. ಸಮುದ್ರ ಇಲ್ಲಿಂದ ಎಷ್ಟು ದೂರ ಐತಿ. ಇಷ್ಟು ಬರದು ಲೈಟ್ ಹಚ್ಕೊಂಡ ಮಲಗಾಕತ್ತೇನಿ.

ಮಾರ್ಚ್ ೩, ಸೋಮವಾರ

ಅವ್ವನ ಕೂಡ ಬ್ಯಾಡಗಿಗೆ ಹೋಗಿದ್ದೆ, ವರ್ಷದ ಖಾರದ್ದು ಮೆಣಸಿನಕಾಯಿ ತರಾಕ. ರಾಶಿ ನಡುವ ಸಾಲಾಗಿ ಕುಂತ ಹೆಂಗಸರಾಗ ಮರಿಯವ್ವ ಇದ್ಳು. ಮುಖಕ್ಕ ಸೆರಗು ಕಟ್ಕೊಂಡಿದ್ಳು, ಕಣ್ಣಿಂದ ಗುರುತು ಹಿಡದೆ. ಚೀಲದ ಸಾಲಿನ ಹಿಂದ ಕರ್ಕೊಂಡು ಹ್ವಾದ್ಳು.

"ತಂಗಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತು ನೀ ಜೀಪಿನ ಮರಿಗೆ ಹೋಗೂದು ನೋಡಿದ್ದೆ. ನೀರಿಗಿಳದಾಗ ಹೊರಗಾಗಿದ್ದಿ, ಹೌದಲ್ಲ?"

ಸಿಟ್ಟು ನೆತ್ತಿಗೇರಿತು. ಇಲ್ಲೂ ಅದ ಲೆಕ್ಕ. ಹೌದು, ಅದಕ್ಕೇನೀಗ, ಅದರಿಂದ ನಿಮ್ಮ ಮಗಳು ಸಿಗಲಿಲ್ಲ ಅಂತೀರೇನು ಅಂದೆ.

"ಇಲ್ಲವ್ವಾ. ಅದಲ್ಲ ನಾ ಕೇಳೂದು. ನಿನ್ನ ಹತ್ರ ಏನರ ಬಂತೇನು ಅಲ್ಲೆ?"

ಯಾರಿಗೂ ಹೇಳಿದ್ದಿಲ್ಲ ನಾ. ಮರಿಯವ್ವ ನನ್ನ ಮುಖ ನೋಡಿ ತಲಿ ಅಲ್ಲಾಡಿಸಿದ್ಳು, ಬಂದದ್ದು ಆಕಿಗೆ ತಿಳದಂಗ. "ಮುಂದಿನದು ಯಾವಾಗ ನಿಂದು?"

ತಾರೀಖು ಹೇಳಿದೆ. ಯಾಕ ಹೇಳಿದ್ನೋ. ಮನ್ಯಾಗ ತಾರೀಖು ಎತ್ತಿದ್ರ ತಾಟು ಒಗಿಯಾಕಿ ನಾ, ಚೀಲದ ಹಿಂದ ನಿಂತು ಆಕಿಗೆ ಹದಿನಾಕು ಅಂತ ಹೇಳಿ ಬಂದೆ. ದಾರಿ ತುಂಬ ಸೀನಿದೆ.

ಮಾರ್ಚ್ ೧೪, ಶುಕ್ರವಾರ. ಗಳಗನಾಥ

ಹೋಳಿ. ಬಣ್ಣ ಆಡಿದವ್ರು ಹೊಳಿಗೆ ಬರ್ತಾರಂತ ನಮ್ಮನ್ನ ದಂಡಿ ಕಾಯೂ ಪಾರೇಕ್ಕ ಹಾಕಿದ್ರು. ಮರಿಯವ್ವನೂ ಬಂದು ಕುಂತಿದ್ಳು, ಹದಿನಾಕನೇ ತಾರೀಖಿಗೆ. ನಾಗಪ್ಪ ಸರ್ ಆಕಿನ್ನ ನೋಡಿ, "ಹೆಂಗೂ ಬಂದೀವಿ, ಮದಲನೇ ತೆಗ್ಗು ಇನ್ನೊಂದು ಸಲ ನೋಡಿಬಿಡು ಸುಧಾ. ಆಮ್ಯಾಲೆ ಆ ತೆಗ್ಗಿನ ಕಾಗದ ಮುಚ್ಚೂಣು" ಅಂದ್ರು.

ನಂದು ತಾರೀಖಿಗೆ ಸರಿಯಾಗಿ ಬಂದಿತ್ತು.

ಇವತ್ತು ಸುತ್ತು ಹಾಕಲಿಲ್ಲ ನಾ. ಗುಂಡು ಹಿಡಕೊಂಡು ತಳದಾಗ ಮೊಣಕಾಲೂರಿ ಕುಂತೆ. ಬ್ಯಾಟ್ರಿ ಆರಿಸಿದೆ. ಸ್ವಲ್ಪ ಹೊತ್ತಿಗೆ ನೀರು ಬಂದು ಹೆಗಲು ಮುಟ್ತು. ಬಂತು ಅಂದ್ಕೊಂಡೆ. ಮಾಸ್ಕಿನ ಒಳಗ ನಾ ನಕ್ಕಿದ್ದೆ, ಮಾಸ್ಕಿನ್ಯಾಗ ನೀರು ಹೊಕ್ಕ ಮ್ಯಾಲೆ ಗೊತ್ತಾತು.

ಹನ್ನೊಂದು ಸುತ್ತು ಹಾಕ್ತು. ಒಂದು ಗೇಣು ಹತ್ರ ಬರಲಿಲ್ಲ, ಒಂದು ಗೇಣು ದೂರ ಹೋಗಲಿಲ್ಲ. ನಮ್ಮ ಮನ್ಯಾಗ ಚಾಪಿ ಸುತ್ತ ಎಷ್ಟು ಜಾಗಾ ಬಿಟ್ಟು ಓಡ್ಯಾಡ್ತಾರೋ ಬರೋಬ್ಬರಿ ಅಷ್ಟ. ಮನ್ಯಾಗ ಹೊಲಸಂತ ಬಿಡ್ತಾರ. ಇದು ಹಂಗ ಬಿಟ್ಟಿದ್ದಿಲ್ಲ. ಎಲ್ಲಾ ಬಿಟ್ಟು ನನ್ನ ಸಲವಾಗಿ ಬಂದಿತ್ತು. ಹುಟ್ಟಿದಾಗಿಂದ ಇಷ್ಟು ಸಮಾಧಾನ ನನಗ ಎಲ್ಲೂ ಆಗಿದ್ದಿಲ್ಲ.

ಗಾಳಿ ಮುಗೀತು ಅಂತ ಮುಳ್ಳು ಕೆಂಪಿಗೆ ಬಂತು. ಮ್ಯಾಲೆ ಬಂದು "ಪೂರಾ ನೋಡಿದೆ ಸರ್, ಖಾಲಿ" ಅಂದೆ. ಕಾಗದಕ್ಕ ಸಹಿ ಮಾಡಿದೆ. ಪೂರಾ ನೋಡಿದ್ದಿಲ್ಲ. ಇರ್ಲಿ, ಹಿಂದ ಎಷ್ಟೋ ಸಲ ನೋಡಿದ ತೆಗ್ಗು ಅದು. ಮರಿಯವ್ವ ನನ್ನ ಕಡೆ ನೋಡಾಕತ್ತಿದ್ಳು ಅನಸ್ತೈತಿ. ನಾ ಹೊಳಿ ನೋಡಾಕತ್ತಿದ್ದೆ.

ಮಾರ್ಚ್ ೧೬, ಭಾನುವಾರ

ಚಾಪಿ ಮ್ಯಾಲೆ ಕುಂತು ಬರೀತೀನಿ. ಇಲ್ಲಿ ಗದ್ಲ ಕಡಿಮಿ. ಅವ್ವ ಕಸಾ ಹೊಡಕೋತ ಹತ್ರ ಬಂದ್ಳು, "ದೂರ ಹಾಯಿ" ಅಂತ ಒದರಿದೆ. ಅವ್ವ ಕಸಬರಗಿ ಹಿಡಕೊಂಡು ನಿಂತ ಬಿಟ್ಳು.

ಸಂಜಿಮುಂದ ಆಯಿ ಬಂದು ಎದುರಿಗೆ ಕುಂತ್ಳು. "ಒಳಗ ಬಾರವ್ವಾ. ಯಾರೂ ಏನನ್ನೂದಿಲ್ಲ. ಒಂದ ತಾಟಿನ್ಯಾಗ ಉಣ್ಣೂಣು."

ಇಲ್ಲೇ ಚೊಲೊ ಐತಿ ಅಂದೆ. ವಯಸ್ಸಾತು ಆಯಿಗೆ, ಹಿಂದಿಂದೆಲ್ಲಾ ಮರ್ತಾಳ.

ಮಾರ್ಚ್ ೨೯, ಶನಿವಾರ

ಇನ್ನ ಹದಿಮೂರು ದಿನ.

ಏಪ್ರಿಲ್ ೯, ಬುಧವಾರ

ಕನಕರಾಜ ಬಂದಾನ. ಒಬ್ಬನ. ಗೋವಾದಾಗ ಹೋಟೆಲ್ಲಿನ್ಯಾಗ ಕೆಲಸ ಮಾಡಾಕತ್ತಿದ್ನಂತ, ಅಪ್ಪನ ಕೂಡ ಜಗಳಾಡಿ ಹೋಗಿದ್ನಂತ. ದುರ್ಗಾನ ಸುದ್ದಿ ಕೇಳಿ ಅಂಗಡಿ ಮೆಟ್ಟಲಾ ಮ್ಯಾಲೆ ಹಂಗ ಕುಂತನಂತ. ಅವನಿಗೆ ಏನೂ ಗೊತ್ತಿದ್ದಿಲ್ಲ. ಗುಡದಪ್ಪ ಎರಡು ದಿನದಿಂದ ಉಂಡಿಲ್ಲ, ಮಾತಾಡಿಲ್ಲ ಅಂತ ಸುದ್ದಿ.

ಮತ್ತ ಹುಡುಕೂ ಆರ್ಡರ್ ಬಂತು. ಮಳಿ ಹತ್ತಿ ಹೊಳಿ ತುಂಬಿದ್ರ ಮುಗೀತು, ಉಸುಕೆಲ್ಲಾ ಸರೀತೈತಿ, ಆಮ್ಯಾಲೆ ಆಕಿ ಯಾರಿಗೂ ಸಿಗೂದಿಲ್ಲ. ಸರ್ ಎರಡನೇ ತೆಗ್ಗು, ಮೂರನೇ ತೆಗ್ಗು ಗುರುತು ಮಾಡಿದ್ರು. "ಮದಲನೇದು ಖಾಲಿ ಅಂತ ನೀನ ಬರದು ಕೊಟ್ಟೀಯಲ್ಲ."

ಹೌದು ಅಂದೆ. ಯಾವ ತೆಗ್ಗಾದ್ರೇನು. ನಾ ಇಳದಲ್ಲಿ ಅದು ಬರ್ತೈತಿ. ಶುಕ್ರವಾರಕ್ಕ ಹಾಕಿಸ್ಕೊಂಡೇನಿ.

ಏಪ್ರಿಲ್ ೧೧, ಶುಕ್ರವಾರ

ಎರಡನೇ ತೆಗ್ಗು. ನಂದು ಬಂದಿತ್ತು. ಅದು ಬರಲಿಲ್ಲ.

ಏಪ್ರಿಲ್ ೧೨, ಶನಿವಾರ

ಮೂರನೇ ತೆಗ್ಗು. ಬ್ಯಾಟ್ರಿ ಆರಿಸಿ ಕುಂತೆ. ಉಸುರು ಎಣಿಸಿದೆ, ಇಪ್ಪತ್ತು, ನಲವತ್ತು, ಇನ್ನೂರು. ನೀರು ಅಲ್ಲಾಡಲಿಲ್ಲ. ಗಾಳಿ ಕೆಂಪಿಗೆ ಬಂದ್ರೂ ಏಳಲಿಲ್ಲ. ಕುತುಬುದ್ದೀನಣ್ಣ ಹಗ್ಗ ಜಗ್ಗಿ ನನ್ನನ್ನ ಮ್ಯಾಲೆ ಎಳಕೊಂಡ.

ದಂಡಿ ಮ್ಯಾಲೆ ಎಲ್ಲಾರ ಮುಂದ ಬೈದ. "ಅರ್ಧ ತಾಸು ಹಗ್ಗ ಅಲ್ಲಾಡಿಲ್ಲ. ನೀ ಹುಡುಕಾಕ ಇಳದಿದ್ಯೋ, ಕಾಯಾಕ ಇಳದಿದ್ಯೋ?"

ಅಳು ಬಂತು. ಮಂದಿ ಹುಡುಗಿ ಸಿಗಲಿಲ್ಲಂತ ಅಳಾಕತ್ತಾಳ ಅಂದ್ಕೊಂಡ್ರು. ಒಬ್ಬಾಕಿ ಮುದುಕಿ ಬಂದು ಬೆನ್ನು ಸವರಿದ್ಳು. ಹುಡುಗಿ ನನ್ನ ನೆನಪಿನ್ಯಾಗ ಇದ್ದಿಲ್ಲ. ಇದನ್ನ ಇಲ್ಲಿ ಬರಿಯಾಕೂ ನಾಚಿಕಿ ಬರಬೇಕು, ಬರವಲ್ದು.

ಏಪ್ರಿಲ್ ೨೦, ಭಾನುವಾರ

ಬೈದದ್ದಕ್ಕ ಬೇಜಾರಾಗಿ ಕುತುಬುದ್ದೀನಣ್ಣ ಮನಿಗೆ ಊಟಕ್ಕ ಕರದಿದ್ದ. ಊರ ಹೊರಗ ಸಣ್ಣ ಹೊಲ, ಹೊಲದಾಗ ಮನಿ. ಅವರವ್ವ ಅಕ್ಬರಬಿ ಬಿಸಿ ಬಿಸಿ ಬಡಸಿದ್ಳು. ಉಂಡು ಕೈ ತೊಳಕೊಂಡು ಬದುವಿನ ಹತ್ರ ಹೋಗಿ ನಿಂತಿದ್ದೆ.

ಅವರ ಎಮ್ಮಿ ಕಣ್ಣಿ ಹರಕೊಂಡು ಬಂತು. ನೆಟ್ಟಗ ನನ್ನ ಕಡೇನ. ಓಡಾಕ ಕಾಲು ಏಳಲಿಲ್ಲ. ಹತ್ರ ಬಂದು ನಿಂತು, ಬುಸ್ ಅಂತ ಉಸುರು ಬಿಟ್ಟು, ನನ್ನ ಸುತ್ತ ಸುತ್ತಾಕ ಹತ್ತಿತು. ಒಂದು ಸುತ್ತು. ಎರಡು ಸುತ್ತು. ಎಂಥಾ ಹುಚ್ಚಿ ನಾ, ಇದಕ್ಕೂ ನಾನ ಬೇಕೇನು ಅಂತ ಒಳಗೊಳಗ ಹಿಗ್ಗಿದೆ.

ಅಕ್ಬರಬಿ ಬಾಗಲದಾಗ ನಿಂತು ಕೂಗಿದ್ಳು. "ಸರಿ ಮಗಳೆ, ಸರಿ ಅಲ್ಲಿಂದ. ಅದು ನಿನ್ನ ಹತ್ರ ಬಂದಿಲ್ಲ. ಕರು ಸತ್ತು ವಾರ ಆತು, ಅಲ್ಲೆ ಹುಗದೀವಿ. ನಿನ್ನ ಕಾಲಾಗ ಐತಿ ಅದರ ಕರು."

ಹತ್ತು ಹೆಜ್ಜಿ ದೂರ ಸರದು ನಿಂತೆ. ಎಮ್ಮಿ ನನ್ನ ಕಡೆ ತಿರಗಿ ಸೈತ ನೋಡಲಿಲ್ಲ. ಅಲ್ಲೇ ಸುತ್ತಾಕತ್ತಿತ್ತು.

ಅಲ್ಲೆ ನಿಂತಲ್ಲೆ ಬೆರಳ ಮ್ಯಾಲೆ ತೆಗ್ಗು ಎಣಿಸಿದೆ. ಎರಡನೇ ತೆಗ್ಗಿಗೆ ಬರಲಿಲ್ಲ ಅದು, ಮೂರನೇದಕ್ಕ ಬರಲಿಲ್ಲ. ಬರೀ ಮದಲನೇದು. ಆ ತೆಗ್ಗಿನ ನಡುವಿಗೆ ಗುಂಡು ಇಳಿಬಿಟ್ಟೀವಿ ಪ್ರತಿಸಲ, ಗುಂಡಿನಿಂದ ಎರಡು ಮೊಳ ಬಿಟ್ಟು ಮದಲನೇ ಸುತ್ತು ಶುರು. ಗುಂಡಿನ ಕೆಳಗ ಯಾರು ನೋಡೀವಿ?

ಏಪ್ರಿಲ್ ೨೪, ಗುರುವಾರ

ನಿದ್ದಿ ಬರೂದಿಲ್ಲ, ಎಲ್ಲಾ ಬರದು ಮುಗಸ್ತೀನಿ.

ಸೋಮವಾರ ನಾಗಪ್ಪ ಸರ್ ಮುಂದ ನಿಂತು ಹೇಳಿದೆ: ಮಾರ್ಚಿನ್ಯಾಗ ನಾ ಪೂರಾ ನೋಡಿದ್ದಿಲ್ಲ ಸರ್, ಸುಳ್ಳು ಬರದು ಸಹಿ ಮಾಡಿದೆ. ಕೆಲಸದ್ದು ಆಮ್ಯಾಲೆ ನೋಡೂಣು, ಮದಲ ಇಳಿ ಅಂದ್ರು. ಇವತ್ತು ಇಳದೆ. ಹದಿನಾಕನೇ ದಿನ ಇವತ್ತಿಗೆ. ಮೈ ಮ್ಯಾಲೆ ಒಂದು ಹನಿ ರಕ್ತ ಇಲ್ಲ.

ಅದು ಇತ್ತು.

ನನ್ನ ಕಾದಿದ್ದಿಲ್ಲ, ಆಗಲೇ ಸುತ್ತಾಕತ್ತಿತ್ತು. ನಾ ಗ್ವಾಡಿಗೆ ಬೆನ್ನು ಹಚ್ಚಿ ನಿಂತೆ, ಇಪ್ಪತ್ತು ಉಸುರಿಗೊಮ್ಮೆ ಎದಿ ಮುಂದ ಹಾದು ಹೋತು, ನಾ ಅಲ್ಲಿ ಅದೀನೋ ಇಲ್ಲೋ ಅದಕ್ಕ ಪರವಾ ಇದ್ದಿಲ್ಲ. ಇಷ್ಟು ದಿನ ನಾ ಅದರ ದಾರ್ಯಾಗ ಅಡ್ಡ ಕುಂತಿದ್ದೆ. ಹಾದು ಹ್ವಾದ ಮ್ಯಾಲೆ ಲಗೂನ ನಡುವಿಗೆ ಹೋಗಿ ಗುಂಡು ಸರಸಿದೆ. ಎರಡೂ ಕೈಲೆ ಉಸುಕು ತೋಡಿದೆ. ಮೊಣಕೈತನ ಹೋತು ಕೈ. ಉಟ್ಟ ಅರಬಿ ಸಿಕ್ತು. ಅರಬಿ ಒಳಗ ಬಳಿ ಸಿಕ್ವು, ಒಡದಿದ್ದಿಲ್ಲ. ತೆಗ್ಗಿನ ದಂಡಿ ಕುಸದು ಆಕಿ ಮ್ಯಾಲೆ ಬಿದ್ದಿತ್ತು. ಮಾರ್ಚ್ ಹದಿನಾಕಕ್ಕ ನಾ ಮೊಣಕಾಲೂರಿ ಕುಂತದ್ದು ಆಕಿ ಮ್ಯಾಲೆ.

ಹಗ್ಗ ಮೂರು ಸಲ ಜಗ್ಗಿದೆ. ಅಂದ್ರ ಸಿಕ್ತು ಅಂತ. ಕೈ ತಪ್ಪಿ ಮತ್ತ ಮೂರು ಸಲ ಜಗ್ಗಿದೆ. ಆಮ್ಯಾಲೆ ಉಸುರು ಎಣಿಸಿದೆ, ಮೂವತ್ತು, ಐವತ್ತು. ನೀರು ಅಲ್ಲಾಡಲಿಲ್ಲ. ಆಕಿನ್ನ ಬಟ್ಟಿ ಚೀಲಕ್ಕ ಹಾಕ್ಕೊಂಡು ನಾ, ಕುತುಬುದ್ದೀನಣ್ಣ ಮ್ಯಾಲೆ ತಂದ್ವಿ. ಅಣ್ಣ ಕೆಳಗ ಇದ್ದಷ್ಟು ಹೊತ್ತು ಏನೂ ಕಂಡಿಲ್ಲ, ಕೇಳಿ ನೋಡಿದೆ.

ಎಲುಬು, ಅರಬಿ, ಬಳಿ. ದಂಡಿ ಮ್ಯಾಲೆ ಬಿಳಿ ಬಟ್ಟಿ ಹಾಸಿ ಇಟ್ವಿ. ಗುಡದಪ್ಪ ಬಂದಿದ್ದ. ದೂರ ಜಾಲಿ ಗಿಡದ ಹತ್ರ ನಿಂತು ತಲಿ ಮ್ಯಾಲಿನ ವಲ್ಲಿ ತಗದು ಬಾಯಿಗೆ ತುರಕೊಂಡಿದ್ದ. ಮಂದ್ಯಾಗ ಒಬ್ಬರೂ ಕನಕರಾಜನ ಹೆಸರು ಎತ್ತಲಿಲ್ಲ.

ಮರಿಯವ್ವ ಇದ್ದಿಲ್ಲ. ಸಿಕ್ತು ಅಂತ ಕೂಗು ಎದ್ದ ಕೂಡಲೇ ಅಕ್ಕನ ಮನಿ ಕಡೆ ಓಡಿ ಹ್ವಾದ್ಳಂತ. ಅರ್ಧ ತಾಸಿಗೆ ತಿರಗಿ ಬಂದ್ಳು, ತಲಿ ಮ್ಯಾಲೆ ಕೊಡ. ಕೊಡದ ಬಾಯಿಂದ ಹಬಿ ಏಳಾಕತ್ತಿತ್ತು.

ಪೊಲೀಸ್ ಕೈ ಅಡ್ಡ ಹಿಡದ. "ಮುಟ್ಟಬಾರದವ್ವಾ. ಪಂಚನಾಮೆ ಆಗಬೇಕು, ಡಾಕ್ಟರ್ ನೋಡಬೇಕು."

ಮರಿಯವ್ವ ಅವನ ಕೂಡ ಮಾತಾಡಲಿಲ್ಲ, ನನ್ನ ಕೂಡ ಮಾತಾಡಿದ್ಳು. ಅಷ್ಟು ಮಂದಿ ಇದ್ರೂ ನನ್ನ ಕೂಡ. "ಅವತ್ತು ನಸಿಕಿನ್ಯಾಗ ನನ್ನ ಮಗಳು ಹೊರಗಾತು. ಮನಿ ಶಾಂತಿ, ಮನಿ ತುಂಬ ಮಂದಿ. ದೊಡ್ಡ ಹಂಡೇದಾಗ ಎಲ್ಲಾರಿಗೂ ನೀರು ಕಾದಿತ್ತು. ಅವ್ವಾ ಥಂಡಿ ಐತಿ, ಒಂದು ಚರಗಿ ಬಿಸಿನೀರು ಕೊಡು, ಹಿತ್ತಲದಾಗ ಮೈ ತೊಳಕೋತೀನಿ ಅಂತು. ನಾ ಕೊಡಲಿಲ್ಲ. ಶಾಂತಿ ಹಂಡೆ ಮುಟ್ಟಬ್ಯಾಡ, ಹೊಳಿಗೆ ಹೋಗು, ಮಂದಿ ಉಂಡು ಹೋಗೂತನ ಅಲ್ಲೇ ಕುಂತಿರು ಅಂತ ನಾನ ಕಳಸಿದೆ. ಇಷ್ಟು ದಿನ ಆಕಿ ಅಪ್ಪಗ ಹೇಳಲಿಲ್ಲ, ಪೊಲೀಸರಿಗೆ ಹೇಳಲಿಲ್ಲ. ಓಡಿ ಹ್ವಾದ್ಳು ಅಂದ್ರೂ ಬಾಯಿ ಬಿಡಲಿಲ್ಲ ನಾ."

ಗುಡದಪ್ಪ ಗಿಡದ ಹತ್ರ ಕುಸದು ಕುಂತ. ಪೊಲೀಸ್ ನಾಗಪ್ಪ ಸರ್ ಮುಖ ನೋಡಿದ. ಸರ್ ಹೊಳಿ ಕಡೆ ತಿರುಗಿ ನಿಂತ್ರು. ಆವಾಗ ಅವನೂ ತಿರುಗಿ ನಿಂತ. ನಾ ಆಕಿ ತಲಿ ಮ್ಯಾಲಿನ ಕೊಡ ಇಳಿಸಿ ಕೊಟ್ಟೆ, ಬುಡ ಸುಡಾಕತ್ತಿತ್ತು.

ಮರಿಯವ್ವ ಮಗಳ ಮುಂದ ಕುಕ್ಕುರಗಾಲಿಲೆ ಕುಂತ್ಳು. ಚರಗಿ ತುಂಬಿಕೊಂಡು, ನೀರು ಹೆಚ್ಚು ಬಿಸಿ ಆಗೇತೇನೋ ಅಂತ ಮದಲ ತನ್ನ ಮುಂಗೈ ಮ್ಯಾಲೆ ಹಾಕ್ಕೊಂಡು ನೋಡಿದ್ಳು. ಹೊಳ್ಯಾಗಿಂದ ಸ್ವಲ್ಪ ತಣ್ಣೀರು ತಗೊಂಡು ಬೆರಸಿದ್ಳು. ಮತ್ತ ಮುಂಗೈ ಮ್ಯಾಲೆ ನೋಡಿದ್ಳು, ಆಮ್ಯಾಲೆ ಹಾಕಿದ್ಳು.